ಒಂದೇ ಅಳತೆಯ ಎಂಟು

ಆ ಸೀಳಿಗೆ ಒಂದೇ ಅಳತೆಯ ಕ್ಯಾಮುಗಳು ಎಂಟು ಬೇಕು.
ಬಿರುಕಿಗೆ ತೂರಿಸಿ ಬಿಟ್ಟರೆ ಅರಳಿ ಕಚ್ಚುತ್ತವೆ,
ಬಿದ್ದವರನ್ನು ಹಿಡಿಯುತ್ತವೆ.
ಒಂದರ ಬೆಲೆಗೆ ಮಾಂಟಿಸೆಲೋದಲ್ಲಿ ವಾರದ ದಿನಸಿ.
ಯಾರ ಬಳಿಯೂ ಎಂಟಿರುವುದಿಲ್ಲ.

ಟ್ರಕ್ಕಿನ ಹಿಂಬಾಗಿಲು ಕೆಡವಿ ಅದರ ಮೇಲೆ ಸುರಿದೆವು.
ನನ್ನವು ಎರಡು.
ಮಾರ್ವಾಳವು ಮೂರು, ಹಳದಿ ಟೇಪು ಸುತ್ತಿದವು;
ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ನೆಟ್ಟಗೆ ಬಂದಿದ್ದಾಳೆ,
ಕೈಗೆ ಇನ್ನೂ ಸ್ಪಿರಿಟ್ಟಿನ ವಾಸನೆ.
ಲೀಲಂಡನವು ಎರಡು, ಗುಲಾಬಿ ನೇಲ್‌ಪಾಲಿಶ್,
ಗುರುತು ಹಚ್ಚಿದ್ದು ನಾಲ್ಕು ವರ್ಷದ ಮಗಳು,
ಹಾಗಾಗಿ ಗುರುತೇ ಹೆಚ್ಚು, ಲೋಹ ಕಡಿಮೆ.
ಏಳಾಯಿತು.
ಎಂಟನೆಯದು ಮೇಲೆಯೇ ಇದೆ,
ಎಂಬತ್ತಡಿ ಎತ್ತರದಲ್ಲಿ, ಮೂರು ಚಳಿಗಾಲದಿಂದ
ಕಲ್ಲು ಉಗುಳದೆ ಬಾಯಲ್ಲಿಟ್ಟುಕೊಂಡಿದೆ.
ಟೆರಿಲನದು.

ಯಾರೂ ಆ ಹೆಸರು ಎತ್ತಲಿಲ್ಲ.
ಮಾರ್ವಾ ಹಗ್ಗದ ಸುರುಳಿ ಬಿಚ್ಚಿದಳು.

ಸೋಮವಾರ ಮಳೆ ಬಿದ್ದಿತ್ತು.
ನೆನೆದ ಮರಳುಗಲ್ಲು ಚಹಾದಲ್ಲಿ ಅದ್ದಿದ ಬಿಸ್ಕತ್ತು,
ಮೂರು ದಿನ ಅದರ ತಂಟೆಗೆ ಹೋಗಲಿಲ್ಲ.
ಇವತ್ತು ಲೀಲಂಡ್ ಬುಡದ ಮಣ್ಣು ಗೇಣುದ್ದ ಕೆದಕಿ
ಮುಷ್ಟಿಯಲ್ಲಿ ಹಿಚುಕಿ
ಉಂಡೆ ಕಟ್ಟದೆ ಉದುರಿದ್ದು ನೋಡಿ
"ನಡಿ" ಅಂದ.
ಅವನ ಅಜ್ಜಿ ಅನೆತ್‌ನಲ್ಲಿ ಕುರಿ ಕಾಯ್ದವಳು;
ಬಿರುಕಿಗೆ ಕೈ ಹಾಕುವ ಮುಂಚೆ
ಹಾವನ್ನು ಒಂದು ಮಾತು ಕೇಳು, ಅನ್ನುತ್ತಿದ್ದಳಂತೆ.

ಕೇಳಿದೆ. ಹಾವಿರಲಿಲ್ಲ.
ಹೆಬ್ಬೆರಳನ್ನು ಅಂಗೈಗೆ ಮಡಚಿ
ಕದ್ದ ಕಾಸು ಮುಚ್ಚಿಟ್ಟ ಹಾಗೆ ಕೈ ಉಬ್ಬಿಸಿದರೆ
ಕಲ್ಲು ಹಿಡಿದುಕೊಳ್ಳುತ್ತದೆ.
ಪಾದ ಅಡ್ಡ ತೂರಿಸು, ಮಂಡಿ ತಿರುವು, ಎದ್ದು ನಿಲ್ಲು,
ಮೂಳೆ ಗೊಣಗುತ್ತದೆ. ಗೊಣಗಲಿ.

ಆದರೆ ಐವತ್ತಡಿ ದಾಟಿದ ಮೇಲೆ ಸೀಳು ಸಣ್ಣಗಾಗುತ್ತದೆ,
ಮಾರ್ವಾಳ ಕೈಗೆ ಅಳತೆ ಕೊಟ್ಟು ಹೊಲಿಸಿದ್ದು,
ಲೀಲಂಡನಿಗೆ ಗೆಣ್ಣಿನಾಚೆ ಪ್ರವೇಶವಿಲ್ಲ.
ನನಗೆ ಬೆರಳಿಗೆ ಸಡಿಲ, ಅಂಗೈಗೆ ಬಿಗಿ,
ಎರಡಕ್ಕೂ ಸಲ್ಲದ ಅರ್ಧ ಬೆರಳಿನ ವ್ಯತ್ಯಾಸ.
ಅಷ್ಟರಲ್ಲೇ ಮೂರು ವರ್ಷ ಕಳೆದಿದ್ದೇನೆ.

ಒಂದು ಹಳದಿ. ಒಂದು ಗುಲಾಬಿ. ಮತ್ತೆ ಹಳದಿ.
ಸಾಲದ ಮೇಲೆ ಸಾಲ ಹತ್ತುತ್ತಾ ಹೋದೆ.

ಟೆರಿಲನಿಗೂ ನನಗೂ ಇದ್ದದ್ದು
ಇನ್ನೂರೈವತ್ತು ಡಾಲರು ಮತ್ತು ಒಂದು ಮಾತು.
ಡಾಲರು ವಾಪಸು ಬಂತು.
ಅವರಿಬ್ಬರ ನಡುವೆ ಬಿರುಕು ಬಿಟ್ಟಿದೆ
ಅನ್ನುತ್ತಾರೆ ಊರಿನಲ್ಲಿ,
ಬಿರುಕೆಂದರೇನು ಗೊತ್ತಿಲ್ಲದವರು.
ಬಿರುಕಿದ್ದರೆ ಕೈ ಹಾಕಲು ಜಾಗವಿರುತ್ತಿತ್ತು.
ಇದು ನುಣ್ಣನೆ ಗೋಡೆ.

ಅವನ ಕ್ಯಾಮಿಗೆ ಹಗ್ಗ ಸಿಕ್ಕಿಸಿದೆ.
ನೀಲಿ ಗೆರೆ ಬಿಸಿಲಿಗೆ ಬೆಳ್ಳಗಾಗಿದೆ.
ಅದರ ಮೇಲೆ ಇನ್ನು ಒಂದು ಮಾರು ಹತ್ತಿರಬಹುದು,
ಎಡಗೈ ಜಾರಿತು, ಟೇಪು ಸುಲಿದು,
ಚರ್ಮವೂ ಅದರ ಜೊತೆ.
ಕೆಳಗೆ ಇಬ್ಬರೂ ಒಮ್ಮೆಗೇ ಏನೋ ಕೂಗಿದರು.
ಹಿಡಿಯಿತು.
ತೂಗಾಡುತ್ತಾ ನೋಡಿದೆ,
ಕಾಡುಕಾಗೆಯೊಂದು ನನ್ನ ಮಟ್ಟದಲ್ಲೇ
ರೆಕ್ಕೆ ಬಡಿಯದೆ ದಾಟಿಹೋಯಿತು,
ಕಣಿವೆಯಾಚೆ ಯಾರದೋ ದನಗಳು
ಹೊಳೆಯ ಹಳದಿ ಮರಗಳ ಕೆಳಗೆ ನಿಂತಿದ್ದವು.

ಬಿಚ್ಚಿಕೊಂಡು ಬರಲು ಹೋದ ಮಾರ್ವಾ
ಅಲ್ಲಿ ನಿಂತು ನಕ್ಕಳು.
ಮೂರು ವರ್ಷ ಸುತ್ತಿಗೆಗೂ ಅಲುಗದ್ದು
ನನ್ನ ಭಾರಕ್ಕೆ ಓರೆಯಾಗಿ
ಎರಡು ಬೆರಳಿಗೆ ಬಂದುಬಿಟ್ಟಿತ್ತು.
"ತಗೋ," ನನ್ನ ಮಡಿಲಿಗೆ ಹಾಕಿದಳು,
ಬೇರೇನೂ ಹೇಳಲಿಲ್ಲ. ಡಬ್ಬಿಯ ಅವರೆ ತಣ್ಣಗೇ ತಿಂದೆವು.

ಮುಂದಿನ ಗುರುವಾರಕ್ಕೆ ಮತ್ತೆ ಎಂಟು ಬೇಕು,
ಮೇಲೆ ಈಗ ಯಾವುದೂ ಇಲ್ಲ.
ಅವನದನ್ನೇ ಅವನಿಗೆ ಕೊಟ್ಟು
ಅವನಿಂದಲೇ ಕಡ ಕೇಳಬೇಕು.
ಬೇಕರಿಗೆ ಹೋಗುವ ದಾರಿಯಲ್ಲೇ ಅವನ ಮನೆ,
ಬೆಳಗಿನ ಜಾವ ನಾಲ್ಕಕ್ಕೆ ದೀಪವಿರುವುದಿಲ್ಲ.
ಟ್ರಕ್ಕು ನಿಧಾನಿಸುತ್ತೇನೆ. ಮುಂದೆ ಹೋಗುತ್ತೇನೆ.
ಹಿಟ್ಟಿಗೆ ಉಪ್ಪು ಬೆರೆಸುವಾಗ
ಎಡಗೈ ಮಾತ್ರ ಉರಿಯುತ್ತದೆ.